ಮುಳ್ಳಿಲ್ಲದ ಬ್ಲ್ಯಾಕ್‌ಬೆರಿ

ಕೊಂಬೆ ಕತ್ತರಿಸಿದ್ದು ಯಾರೆಂದು ಪ್ರಮಾಣ ಮಾಡಿ ಹೇಳುವಂತಿರಲಿಲ್ಲ. ಆದರೂ ಹೇಳಿಬಿಟ್ಟಿದ್ದೆ, ಅದೇ ತೊಂದರೆ.

ಪದ್ಮನಾಭನಗರದ ನಮ್ಮ ತಾರಸಿಯಲ್ಲಿ ಬ್ಲ್ಯಾಕ್‌ಬೆರಿಯ ಕುಂಡವೊಂದಿದೆ. ಮುಳ್ಳಿಲ್ಲದ ತಳಿ, ಚಳಿ ಕಮ್ಮಿ ಇರುವ ಊರಲ್ಲೂ ಹಣ್ಣು ಬಿಡುತ್ತದೆ ಎಂದಿದ್ದ ನರ್ಸರಿಯವನು. ಎಂ.ಎಸ್ಸಿ. ಓದಿದವನು ನರ್ಸರಿಯವನನ್ನು ನಂಬುವುದುಂಟೇ? ಬೆಂಗಳೂರಿನ ಚಳಿ ಸ್ವೆಟರ್ ತೋರಿಸಿಕೊಳ್ಳಲಿಕ್ಕಷ್ಟೇ ಸಾಕು, ಹಣ್ಣಿಗೆ ಸಾಲದು ಎಂದು ತೀರ್ಮಾನಿಸಿ, ಡಿಸೆಂಬರ್ ಪೂರ್ತಿ ಬೆಳಿಗ್ಗೆ ಬುಡಕ್ಕೆ ಐಸ್ ಹಾಕಿದೆ.

ಕೆಳಮನೆಯ ಸರೋಜಾ ಆಂಟಿ ನಮ್ಮ ತಾರಸಿಯಲ್ಲೇ ಗುಲಾಬಿ ಬೆಳೆಸುತ್ತಿದ್ದರು. "ನೆಗಡಿ ಆದ್ರೆ ಕಷಾಯನೂ ಕೊಡ್ತೀಯೇನಪ್ಪಾ?" ಅಂದರು.

ಬೇಸಿಗೆ ಬಂತು, ಹೂವೇ ಇಲ್ಲ. ಆಮೇಲೆ ಓದಿದೆ: ಈ ಗಿಡ ಹಣ್ಣು ಬಿಡುವುದು ಹಿಂದಿನ ವರ್ಷದ ಕೊಂಬೆಯಲ್ಲಿ. ಆ ಕೊಂಬೆಗಳನ್ನು ಯಾರೋ ಡಿಸೆಂಬರ್ ಶುರುವಿನಲ್ಲೇ, ಗುಲಾಬಿ ಸವರುವ ಹಾಗೆ ಬುಡಮಟ್ಟ ಸವರಿದ್ದರು. ನಾನು ಐಸ್ ಹಾಕಿದ್ದು ಮೋಟುಗಳಿಗೆ. ಗುಲಾಬಿ ಸವರುವ ಕೈ ಯಾರದು? ನನ್ನ ತರ್ಕ ಒಂದೇ ಹೆಜ್ಜೆಗೆ ಒಂದು ಮಹಡಿ ಇಳಿಯಿತು.

"ನೀವೇ ಆಂಟಿ ಕಟ್ ಮಾಡಿದ್ದು. ಕಣ್ಣಾರೆ ನೋಡಿದೀನಿ."

"ನೋಡಿದೋನು ಆಗ್ಲೇ ಯಾಕಪ್ಪಾ ಸುಮ್ನಿದ್ದೆ?"

ಅಷ್ಟೇ ಹೇಳಿ, ತಾರಸಿಯ ಬೀಗದ ಕೈಯನ್ನು ನಮ್ಮ ಕಿಟಕಿಯಲ್ಲಿಟ್ಟು ಇಳಿದುಹೋದರು. ಮತ್ತೆ ಮೇಲೆ ಬರಲಿಲ್ಲ. ಅವರ ಗುಲಾಬಿಗಳಿಗೆ ನನ್ನ ಹೆಂಡತಿ ನೀರು ಹಾಕುತ್ತಾಳೆ, ನನ್ನ ಕಡೆ ನೋಡದೆ. "ನೀವೇ ಅಲ್ವಾ ಕತ್ತರ್ಸಿದ್ದು?" ಎಂದು ಅವಳು ಅಂದೇ ಕೇಳಿದ್ದಳು. ಸಾಕ್ಷಿ ಒಬ್ಬಳೇ, ಅದೂ ಮನೆಯವಳು ಎಂದು ತಳ್ಳಿಹಾಕಿದ್ದೆ.

ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿತೆ. ನನ್ನನ್ನು ಅನುಮಾನಿಸುವುದು ಸಿಲಬಸ್ಸಿನಲ್ಲಿರಲಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಆಂಟಿಯ ಹಸಿರು ಬಳೆ, ಕತ್ತರಿ, ಬೀಳುವ ಕೊಂಬೆ ಎಲ್ಲ ಕಾಣುತ್ತದೆ. ನನ್ನ ಮದುವೆಯೂ ಇಷ್ಟು ಸ್ಪಷ್ಟವಾಗಿ ನೆನಪಿಲ್ಲ. ಸಂಶಯ ಹುಟ್ಟಿದ್ದೇ ಅಲ್ಲಿ. ಗಿಡಕ್ಕೆ ಮುಳ್ಳಿದ್ದಿದ್ದರೆ ಕತ್ತರಿಸಿದವರ ಮುಂಗೈ ಮೇಲೆ ನಾಲ್ಕು ಗೀರಾದರೂ ಬಿದ್ದಿರುತ್ತಿತ್ತು, ವಿಚಾರಣೆ ಅಲ್ಲೇ ಮುಗಿಯುತ್ತಿತ್ತು. ಇಷ್ಟು ಸಭ್ಯವಾದ ಗಿಡ ನನ್ನಂಥವರ ಕೈಗೆ ಸಿಗಬಾರದು.

ಮೊನ್ನೆ ಭಾನುವಾರ ಹೆಂಡತಿಯ ಫೋನಿನಲ್ಲಿ ಆ ಡಿಸೆಂಬರಿನವರೆಗೂ ಹಿಂದೆ ಹೋದೆ. ತಾರಸಿಯ ಫೋಟೊ ಒಂದು ಸಿಕ್ಕಿತು. ಕಿಟಕಿಯಿಂದ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡೆ. ಕೆಳಗಿಳಿದು ಆಂಟಿಯ ಬಾಗಿಲು ತಟ್ಟುವ ಮುನ್ನ, ಹಳೆಯ ಚಾಳಿ, ಫೋಟೊವನ್ನು ಇನ್ನೊಮ್ಮೆ ಹಿಗ್ಗಿಸಿ ನೋಡಿದೆ. ಬ್ಲ್ಯಾಕ್‌ಬೆರಿ ಕುಂಡದ ಮುಂದೆ ನಿಂತಿದ್ದೇನೆ, ಕತ್ತರಿ ನನ್ನ ಕೈಯಲ್ಲೇ ಇದೆ.