ತೆನೆ ಬರಲಿಲ್ಲ, ಚಾಚಾನೇ ಹೋದರು

ಮೊನ್ನೆ ಜಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಮೆಕ್ಕೆಜೋಳದ ಧೂಳು ಮೂಗಿಗೆ ನುಗ್ಗಿ, ಒಂದೇ ಸಮನೆ ಸೀನಿದೆ. ಪಕ್ಕದವರು ಟವೆಲ್ಲು ಮುಖಕ್ಕೆ ಹಿಡಿದು ಸರಿದು ಕೂತರು. ನನಗೋ, ಈ ಧೂಳು ಬಡಿದರೆ ಸಾಕು, ಸಂತೇಬೆನ್ನೂರಿನ ಖಾದರ್ ಚಾಚಾ ಕಣ್ಣ ಮುಂದೆ ನಿಲ್ಲುತ್ತಾರೆ.

ಚಾಚಾ ಮೆಕ್ಕೆಜೋಳ ಒಕ್ಕುವ ಮಷೀನು ಮಾಡುವವರು. ಅವರ ಶೆಡ್ಡಿನಲ್ಲೊಂದು ಪದ್ಧತಿಯಿದೆ: ಕೊಳ್ಳುವವರು ತಮ್ಮ ಹೊಲದ ಒಂದು ಚೀಲ ತೆನೆ ತರಬೇಕು, ಕಾಳು ಒಡೆಯದೆ ಉದುರಿದರೆ ಮಾತ್ರ ಮಷೀನು ಹೊರಗೆ. ನಾನು ಚಿಕ್ಕವನಿದ್ದಾಗ ಅಪ್ಪ ಬರಿಗೈಲಿ ಹೋಗಿದ್ದರು.

"ಕಾಲು ಮನೇಲಿ ಬಿಟ್ಟು ಚಪ್ಲಿ ಕೊಳ್ಳಾಕೆ ಬರ್ತೀರೇನ್ರಿ ಗೌಡ್ರೇ? ಹೋಗಿ ತೆನೆ ತಗೊಂಬರ್ರಿ."

ಅಪ್ಪ ದಾರಿಯುದ್ದಕ್ಕೂ ಬೈದರು. ಮಷೀನು ಮಾತ್ರ ಅಲ್ಲೇ ಕೊಂಡರು.

ಆಮೇಲೆ ಹೊನ್ನಾಳಿ, ನ್ಯಾಮತಿಯ ಅಂಗಡಿಗಳಿಗೆ ಹೊರಗಿನ ರೆಡಿಮೇಡ್ ಮಷೀನುಗಳು ಬಂದವು. ಅವಕ್ಕೆ ತೆನೆಯ ರಗಳೆಯಿಲ್ಲ. ಚಾಚಾನ ಶೆಡ್ಡು ಖಾಲಿ ಹೊಡೆಯತೊಡಗಿತು. ಅದೇ ಹೊತ್ತಿಗೆ ನಾನು ಚನ್ನಗಿರಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿ, ಜಾಗತೀಕರಣದ ಪಾಠವನ್ನು ಗಂಟಲು ಹರಿಯುವಂತೆ ಒದರುತ್ತಿದ್ದೆ. ನನ್ನ ಪಾಠದಲ್ಲಿ ಸರಕೆಲ್ಲ ಹೊರದೇಶದಿಂದ ಇಲ್ಲಿಗೇ ಬರುತ್ತಿತ್ತು, ಪಾಪ.

ಹೋದ ವರ್ಷ ಕೀನ್ಯಾದಿಂದ ಹತ್ತು ಮಷೀನು ಬೇಕೆಂದು ಫೋನು ಬಂತು. ಅಲ್ಲಿನ ರೈತ ಮಹಿಳೆಯರ ಸಂಘದ ಮುಖಂಡೆ ಗ್ರೇಸ್ ಎಂಬಾಕೆ ಮೊಬೈಲಿನಲ್ಲಿ ಚಾಚಾನ ಮಷೀನು ನೋಡಿದ್ದರಂತೆ. ಇಂಗ್ಲಿಷಿಗೆ ನಾನು. ಇದೂ ಕೈ ತಪ್ಪಿದರೆ ಶೆಡ್ಡು ಮುಚ್ಚುವುದೇ ಎಂದು ಚಾಚಾನ ಹೆಂಡತಿ, ಚಾಚಿ, ಮೊದಲೇ ನನ್ನ ಕಿವಿಗೆ ಹಾಕಿದ್ದರು. ಚಾಚಾ ಎಲ್ಲ ಕೇಳಿ, "ಅವರ ತೆನೆ ಕಳಿಸಾಕೆ ಹೇಳ್ರಿ ಮೇಷ್ಟ್ರೇ" ಅಂದರು.

"ಹಂಗೆಲ್ಲ ತೆನೆ ತರಿಸಾಕೆ ಬಿಡಲ್ಲ ಚಾಚಾ, ಕಾನೂನು ಐತೆ."

"ಹಂಗಾರೆ ಮಷೀನೂ ಹೋಗಲ್ಲ. ಅವರ ಜೋಳ ಹೆಂಗೈತೋ ನಂಗೇನು ಗೊತ್ತು?"

ಇದನ್ನು ನಾಲ್ಕು ಸಲ ‘ಸಾರಿ’ ಸೇರಿಸಿ ಇಂಗ್ಲಿಷಿನಲ್ಲಿ ಹೇಳಿದೆ. ಆ ಕಡೆಯಿಂದ ಬಂದದ್ದು ನಗು. ತೆನೆ ಬರಲಾಗದಿದ್ದರೆ ಮಷೀನು ಮಾಡಿದವರೇ ಬರಲಿ, ಮೊದಲು ಒಂದು ಮಷೀನು ಬರಲಿ, ಟಿಕೆಟ್ಟು ನಮ್ಮ ಸಂಘದ್ದು ಅಂದರು ಗ್ರೇಸ್. ದಾವಣಗೆರೆ ದಾಟಿದರೆ ಊಟ ಸೇರದ ಚಾಚಾ ಪಾಸ್‌ಪೋರ್ಟ್ ಮಾಡಿಸಿ, ಈ ತಿಂಗಳು ವಿಮಾನ ಹತ್ತಿದರು.

ಬಸ್ಸಿನಲ್ಲಿ ಸೀನು ನಿಲ್ಲುವಷ್ಟರಲ್ಲಿ ಅವರದೇ ವಿಡಿಯೋ ಕಾಲ್ ಬಂತು ನೋಡಿ!

"ಮೊದ್ಲು ಹಾಕಿದ್ದು ಅರ್ಧಕ್ಕರ್ಧ ನುಚ್ಚಾತು ಮೇಷ್ಟ್ರೇ. ಇವರ ತೆನೆ ಗಿಡ್ಡ, ದಪ್ಪ. ಇಲ್ಲಿನ ಕಮ್ಮಾರನ ಜೊತೆ ಕೂತು ಕಾಳು ಉದುರಿಸೋ ಡ್ರಮ್ಮು ಬದಲಾಯಿಸಿದ್ವಿ. ಈಗ ನೋಡ್ರಿ."

ಅಂಗೈ ತುಂಬ ಬಿಳಿ ಕಾಳು, ಇಡಿ ಇಡಿಯಾಗಿ. ಹಿಂದೆ ಗ್ರೇಸ್ ಕೈ ಬೀಸುತ್ತಿದ್ದರು. ನನಗೆ ಹೇಳಲಾರದಷ್ಟು ಖುಷಿಯಾಯಿತು.

"ಬರೋದು ತಡ ಆಗ್ತೈತೆ. ಕಮ್ಮಾರಗೆ ಡ್ರಮ್ಮು ಮಾಡೋದು ಪೂರಾ ಕಲಿಸ್ತಿದೀನಿ."

ನನ್ನೊಳಗಿನ ಅರ್ಥಶಾಸ್ತ್ರದ ಮೇಷ್ಟ್ರು ಗಾಬರಿಯಾದ. "ಅವರೇ ಕಲಿತ್ರೆ ಮುಂದೆ ನಿಮ್ಮ ಮಷೀನು ಯಾರು ಕೊಳ್ತಾರೆ ಚಾಚಾ?"

"ಇವನು ಆಗಲೇ ಪಕ್ಕದ ದೇಶಕ್ಕೆ ಮಾರೋ ಮಾತಾಡ್ತಾನೆ, ಡ್ರಮ್ಮಿನ ಹಲ್ಲು ನಮ್ಮ ಶೆಡ್ಡಿಂದ್ಲೇ ಬೇಕಂತೆ. ಬೆಳೆಯೋರು ದುನಿಯಾ ತುಂಬ ಅದಾರೆ, ಒಕ್ಕೋ ಮಷೀನು ಮಾಡೋರು ಇಬ್ರು ಸಾಕಾಗಲ್ಲ ಬಿಡ್ರಿ! ನಿಮ್ಮ ಚಾಚಿ ಫೋನು ಹತ್ತುತಿಲ್ಲ. ಉಳಿದ ಒಂಬತ್ತಕ್ಕೂ ಬಣ್ಣ ಹೊಡೆಸಾಕೆ ಹೇಳ್ರಿ, ಡ್ರಮ್ಮು ಇಲ್ಲೇ ಬದಲಾಯಿಸ್ತೀವಿ."

ಇದು ಫೋನಿನಲ್ಲಿ ಹೇಳಿ ಮುಗಿಸುವ ಸುದ್ದಿಯಲ್ಲ. ಜಗಳೂರಿನಲ್ಲಿ ಇಳಿದವನು ಬಂದ ಕೆಲಸವನ್ನೇ ಬಿಟ್ಟು, ಚಾಚಿಯ ಮುಖ ನೋಡಲು ಸಂತೇಬೆನ್ನೂರಿನ ದಾರಿ ಹಿಡಿದೆ.