ವಿಲ್ ಎಂದದ್ದಕ್ಕೆ

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಕಾನಸೂರಿನವಳಾದ ನಾನು ಸಿದ್ದಾಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಒಂಬತ್ತನೆಯ ಇಯತ್ತೆ ಓದುತ್ತಿದ್ದೆ. ತರಗತಿಯಲ್ಲಿ ಹುಡುಗಿಯರು ನಾವು ಮೂವರು, ಒಂದೇ ಬೆಂಚು.

ಇಂಗ್ಲಿಷ್ ಮಾಸ್ತರರು ಧಾರವಾಡದ ಕಡೆಯವರು. ಪಾಠ ಚೆನ್ನಾಗಿ ಮಾಡುತ್ತಿದ್ದರು, ಅದನ್ನು ಅಲ್ಲಗಳೆಯಲಾರೆ. ಕ್ರಿಯಾಪದದ ಕಾಲಗಳನ್ನು ಮಗ್ಗಿಯ ಹಾಗೆ ಬಾಯಿಗೆ ಬರಿಸಿದವರು ಅವರೇ. ಭವಿಷ್ಯತ್ ಕಾಲದ ಅಭ್ಯಾಸದ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ, ಮುಂದೆ ಏನಾಗುತ್ತೀರೆಂದು ಇಂಗ್ಲಿಷಿನಲ್ಲಿ ಹೇಳಿಸಿದರು. ಹುಡುಗರು ಡಾಕ್ಟರಾದರು, ಮಾಮಲೇದಾರರಾದರು, ಒಬ್ಬ ವಿಮಾನವನ್ನೂ ಹಾರಿಸಿದ. ನಮ್ಮ ಬೆಂಚಿಗೆ ಬಂದಾಗ ಮಾಸ್ತರರು ಕೇಳಲೇ ಇಲ್ಲ, ವಾಕ್ಯವನ್ನು ತಾವೇ ಕೊಟ್ಟರು: "ಐ ಶಲ್ ಕುಕ್ ರೈಸ್." ನಾನು ಅನ್ನ ಬೇಯಿಸುತ್ತೇನೆ. ಪಕ್ಕದ ಇಬ್ಬರೂ ಅದನ್ನೇ ಒಪ್ಪಿಸಿ ಕೂತರು.

ನಾನು ಎದ್ದು ನಿಂತು, "ಐ ವಿಲ್ ನಾಟ್ ಕುಕ್ ರೈಸ್. ಐ ವಿಲ್ ಗೋ ಟು ಕಾಲೇಜ್" ಎಂದೆ.

ಹುಡುಗರು ನಕ್ಕರು. 'ಐ' ಎಂಬುದರ ಮುಂದೆ ಶಲ್ ಬರಬೇಕು, ವಿಲ್ ತಪ್ಪು, ತಿದ್ದಿ ಹೇಳು ಎಂದರು ಮಾಸ್ತರರು. ನಾನು ತಿದ್ದದೆ ಹೇಳಿದೆ: "ಹಟ ಹಿಡಿದು ಹೇಳುವಾಗ ವಿಲ್ ಬರ್ತದೆ ಅಂತ ನೀವೇ ಕಲಿಸಿದ್ದು, ಸರ್. ನಾನು ಹಟ ಹಿಡಿದೇ ಹೇಳಿದ್ದು."

ಕ್ಷಮೆ ಕೇಳುವ ತನಕ ಇಂಗ್ಲಿಷ್ ತಾಸಿಗೆ ಒಳಗೆ ಕಾಲಿಡಕೂಡದೆಂದು ಹೊರಗೆ ಹಾಕಿದರು. ಅಪ್ಪಯ್ಯನಿಗೂ ಹೇಳಿಕಳಿಸಿದರು. ಅಪ್ಪಯ್ಯ ಬಸ್ಸಿಳಿದು ನೆಟ್ಟಗೆ ಶಾಲೆಗೇ ಬಂದ. ಹುಡುಗಿಗೆ ಇಂಗ್ಲಿಷ್ ಕಲಿಸಹೊರಟದ್ದೇ ತಪ್ಪಾಯಿತೆಂದು ಮಾಸ್ತರರ ಎದುರಿಗೇ ಅಂದು, ನನ್ನತ್ತ ತಿರುಗಿ, "ತಪ್ಪಾತು ಹೇಳು" ಎಂದ.

"ವ್ಯಾಕರಣ ಸರಿ ಇದ್ದು ಅಪ್ಪಯ್ಯ. ಆನು ಹೇಳ್ತ್ನಿಲ್ಲೆ" ಎಂದೆ, ಕ್ಷಮೆ ಕೇಳಲಿಲ್ಲ.

ಅಪ್ಪಯ್ಯ ಚಿಕ್ಕಮ್ಮನ ಮನೆಯ ಕಡೆಗೂ ಬಾರದೆ ಮರಳಿ ಹೋದ.

ಮರುದಿನದಿಂದ ನಾನು ಜಗಲಿಯಲ್ಲಿ, ಕಿಟಕಿಯ ಪಕ್ಕ ನಿಂತೇ ಪಾಠ ಕೇಳಿದೆ. ಬೋರ್ಡು ಅರ್ಧ ಕಾಣುತ್ತಿತ್ತು, ಉಳಿದದ್ದನ್ನು ಕಿವಿಯಿಂದ ತುಂಬಿಕೊಳ್ಳುತ್ತಿದ್ದೆ. ಮಳೆಯ ಇರಚಲು ಹೊಡೆದಾಗಲೂ ಕದಲಲಿಲ್ಲ. ಒಂದು ದಿನ ಮಾಸ್ತರರು, 'ನಾನು ಬರುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು' ಎಂಬುದನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿದರು. ಡಾಕ್ಟರು, ಮಾಮಲೇದಾರ, ಯಾರಿಗೂ ಬರಲಿಲ್ಲ. ಕಿಟಕಿಯಿಂದ ನಾನು ಹೇಳಿದೆ. ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ, "ಒಳಗೆ ಬಂದು ಹೇಳು" ಎಂದರು. ಹೋಗಿ ಹೇಳಿದೆ, ನನ್ನ ಜಾಗದಲ್ಲಿ ಕೂತೆ. ಕ್ಷಮೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಪ್ಪಯ್ಯನ ಸಿಟ್ಟು ಮಾತ್ರ ಸುಲಭಕ್ಕೆ ಇಳಿಯಲಿಲ್ಲ. ಮೆಟ್ರಿಕ್ ಆದಮೇಲೆ ಅವನು ತಂದ ಸಂಬಂಧಗಳನ್ನು ಬೇಡವೆಂದು ಧಾರವಾಡಕ್ಕೆ ಹೋದೆ, ಬಿ.ಎ. ಮುಗಿಸಿ ಯಲ್ಲಾಪುರದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ನಿಂತೆ. ಮಗಳ ಮದುವೆ ಯಾವಾಗ ಎಂದು ಊರವರು ಕೇಳಿದರೆ ಅಪ್ಪಯ್ಯ, "ಅದು ಯಾರ ಮಾತೂ ಕೇಳ್ತಿಲ್ಲೆ" ಎನ್ನುತ್ತಿದ್ದನಂತೆ.

ನಿಜವೇ ಆಗಿತ್ತು.