ತಮ್ಮನ ಅಂಗಡಿಗೆ ಅವ್ವನ ಫೋಟೋ

ಗದಗಿನಲ್ಲಿ ಸೀರೆ ಅಂಗಡಿ ತೆರೆಯುವ ಹೊತ್ತಿಗೆ ನನ್ನ ತಮ್ಮನಿಗೆ ಇದ್ದಕ್ಕಿದ್ದಂತೆ ಅವ್ವನ ಯೌವನದ ಮೇಲೆ ಪ್ರೀತಿ ಉಕ್ಕಿತು. ಬೆಟಗೇರಿಯ ಮನೆಯ ಟ್ರಂಕಿನಿಂದ ಅವಳ ಹಳೆಯ ಫೋಟೋ ತೆಗೆದು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದ. 'ಅವ್ವ, ತಾನೇ ನೇಯ್ದ ಸೀರೆಯಲ್ಲಿ. ಎಂಥ ಕಾಲ ಅದು!' ಎಂದು ಬರೆದಿದ್ದ. ಮಗ್ಗದ ಕುಣಿಯಲ್ಲಿ ಒಂದು ದಿನವೂ ಕಾಲು ಇಳಿಬಿಟ್ಟವನಲ್ಲ. ಮಾರಲು ತರಿಸಿದ್ದು ಸೂರತ್ತಿನ ಮಿಷನ್ ಸೀರೆ.

ಗುಂಪಿನವರಿಗೆ ಬೇರೆ ಕೆಲಸವೇನಿದೆ? ಕೈಮುಗಿದ ಚಿತ್ರ, ಕಣ್ಣೀರಿನ ಚಿತ್ರ ಸುರಿದವು. ಫೋಟೋದಲ್ಲಿ ಅವ್ವ ಮೈಕೈ ತುಂಬಿಕೊಂಡು ಕಾಣುತ್ತಾಳೆ. ಅದಕ್ಕೆ ಚಿಕ್ಕಪ್ಪನೊಬ್ಬ, 'ಆಗಿನ ಜ್ವಾಳದ ರೊಟ್ಟಿ ಕಸುವು ನೋಡ್ರಿ' ಎಂದು ಉಪದೇಶವನ್ನೇ ಕೊಟ್ಟ. ಅವನು ರೊಟ್ಟಿ ಬಿಟ್ಟು ಬ್ರೆಡ್ಡಿಗೆ ಇಳಿದು ಎಷ್ಟೋ ವರ್ಷವಾಯಿತು.

ನಾನೂ ಸಾಚಾ ಅಲ್ಲ. ಟ್ರಂಕಿನಲ್ಲಿ ಈ ಫೋಟೋ ನೋಡಿ, ಆ ಸೀರೆ ನನಗೆ ಬೇಕೆಂದು ನನ್ನ ಮದುವೆಯಲ್ಲಿ ಕೇಳಿದ್ದೆ. ಅವ್ವ ಇಲ್ಲ ಎಂದಿದ್ದಳು. ಗುಟ್ಟಾಗಿ ತಂಗಿಗೆ ಕೊಟ್ಟಿದ್ದಾಳೆಂದು ಲಕ್ಷ್ಮೇಶ್ವರದ ಗಂಡನ ಮನೆಯಲ್ಲಿ ಹಲ್ಲು ಕಡಿಯುತ್ತ ಕುಳಿತು, ಎರಡು ವರ್ಷ ನಾಗರಪಂಚಮಿಗೆ ತವರಿಗೇ ಹೋಗಿರಲಿಲ್ಲ.

ಅಂಗಡಿಯ ಪೂಜೆಗೆ ಎಂಟು ದಿನ ಇರುವಾಗ ಬೆಟಗೇರಿಗೆ ಹೋದೆ. ಫೋಟೋವನ್ನು ಗೋಡೆಯಗಲ ಮಾಡಿಸಿ ಅಂಗಡಿಗೆ ಹಾಕುತ್ತೇನೆಂದು ತಮ್ಮ ಅದನ್ನು ಅವ್ವನ ಕೈಗಿಟ್ಟ. ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು.

"ಇದನ್ನ ಹಾಕಬ್ಯಾಡಪಾ. ಈ ಸೀರಿ ನಾ ಉಟ್ಟಿಲ್ಲ."

"ಉಟ್ಟೀಯಲ್ಲ ಯವ್ವಾ, ಕಾಣಸ್ತೈತಿ."

"ನೂಲು ಕೊಟ್ಟು ಕೂಲಿಗೆ ನೇಯಿಸ್ತಿದ್ದ ಸಾವಕಾರನ ಸೀರಿ ಅದು. ಮರುದಿನಾ ಒಯ್ದು ಕೊಡೂದಿತ್ತು. ಉಟ್ರ ಘಳಿಗಿ, ಮಡಿಕಿ ಮುರೀತಾವಂತ, ನನ್ನ ಸೀರಿ ಮ್ಯಾಲೆ ಹಂಗ ಹೊದಿಸಿ, ಹಿಂದ ಪಿನ್ನ ಹಚ್ಚಿ ನಿಂದರ್ಸಿದ್ರು ನಿಮ್ಮಪ್ಪಾರು."

ರೊಟ್ಟಿಯ ಕಸುವಲ್ಲ, ಸೀರೆಯ ಮೇಲೆ ಸೀರೆ. ನನಗೆ ನಗು ತಡೆಯಲಿಲ್ಲ. ಅವ್ವ ನಗಲಿಲ್ಲ. ಅಷ್ಟು ಜೋಪಾನ ಮಾಡಿದರೂ ಸೆರಗಿಗೆ ಅವಳ ತಲೆಯೆಣ್ಣೆ ಹತ್ತಿತ್ತಂತೆ. ಸಾವಕಾರ ಸೀರೆಯನ್ನು ತಿರುಗಿಸಿ ಕಳಿಸಿದನಂತೆ.

"ಹಂಗಾರ ಅದು ನಿನಗ ಉಳೀತಲ್ಲ?" ಎಂದೆ.

"ನನಗೆಲ್ಲಿ? ನಿಮ್ಮತ್ತಿ, ನಿಮ್ಮಪ್ಪಾರ ತಂಗಿ, ಮುಂಡರಗಿಗೆ ಗಂಡನ ಮನಿಗೆ ಹೊಂಟಿದ್ಲು. ನಿಮ್ಮಪ್ಪಾರು ಆಕಿ ಉಡಿಯಾಗ ಹಾಕಿ ಕಳಿಸಿದ್ರು. ನೇದಾಕಿ ನಾನು, ಕೆಡಿಸಿದಾಕಿ ನಾನು, ಉಟ್ಟಾಕಿ ಆಕಿ."

"ನಾ ಕೇಳಿದಾಗರ ಹೇಳಬಾರದಿತ್ತಾ?"

"ಆವಾಗ ನಿಮ್ಮಪ್ಪಾರು ಇದ್ರಲ್ಲ."

ಇಲ್ಲದ ಸೀರೆಗಾಗಿ ಎರಡು ವರ್ಷ ಮುಖ ತಿರುಗಿಸಿಕೊಂಡಿದ್ದ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಪ್ಪನ ಮೇಲೂ ಆಯಿತು. ತಮ್ಮನಿಗೆ ಮಾತ್ರ ಏನೂ ಆಗಲಿಲ್ಲ.

"ಯಾರಿಗೆ ಗೊತ್ತಾಗ್ತೈತಿ ಬಿಡಬೇ" ಎಂದ.

"ನನಗ ಗೊತ್ತೈತಲ್ಲ. ಹಾಕೂದಾದ್ರ ಮಾರಿ ಅಷ್ಟ ಹಾಕು. ಮಾರಿ ನಂದು."

"ಆತು ಯವ್ವಾ" ಎಂದು, ಮುಖವಷ್ಟೇ ಹಾಕಲು ಒಪ್ಪಿ ತಲೆಯಾಡಿಸಿದ. ನಾನು ಪೆದ್ದಿ, ನಂಬಿದೆ.

ಪೂಜೆಯ ದಿನ ಅವ್ವನನ್ನು ಕರೆದುಕೊಂಡು ಅಂಗಡಿಗೆ ಹೋದರೆ, ಗೋಡೆಯ ತುಂಬ ಸೀರೆ. ಕಪ್ಪುಬಿಳುಪಿಗೆ ಕೆಂಪು, ಹಸಿರು ಬಣ್ಣ ತುಂಬಿಸಿದ್ದ. ಕುತ್ತಿಗೆಯಿಂದ ಪಾದದವರೆಗೆ ಎಲ್ಲವೂ ಇತ್ತು. ಮುಖ ಇರಬೇಕಾದ ಜಾಗದಲ್ಲಿ ಬಂಗಾರದ ಅಕ್ಷರಗಳಲ್ಲಿ ಅಂಗಡಿಯ ಹೆಸರು.

"ಜಾಗಾ ಸಾಲಲಿಲ್ಲ ಅಕ್ಕಾ. ಮತ್ತ ಅವ್ವನ ಮಾರಿ ಭಾಳ ಸಪ್ಪಗ ಕಾಣ್ತಿತ್ತು" ಎನ್ನುತ್ತ ತಮ್ಮ ಬಾಯಿಗೆ ಪೇಢೆ ಹಾಕಿಕೊಂಡ. ಎಂಥ ಕಾಲ ಅದು ಎಂದದ್ದಕ್ಕೆ ಕಣ್ಣೀರಿನ ಚಿತ್ರ ಕಳಿಸಿದ್ದವರೆಲ್ಲ ಬಂದಿದ್ದರು. ಮುಖವಿಲ್ಲದ ಆ ಹೆಂಗಸಿನ ಮುಂದೆ ಸಾಲಾಗಿ ನಿಂತು ಸೆಲ್ಫಿ ತೆಗೆದುಕೊಂಡರು. ಒಬ್ಬರಾದರೂ ತಲೆ ಎಲ್ಲಿ ಎಂದು ಕೇಳಲಿಲ್ಲ.

ಅವ್ವ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ಅಳುತ್ತಾಳೇನೋ ಎಂದು ನಾನು ಕೈ ಹಿಡಿದುಕೊಂಡೆ. ಅವಳ ಮುಖದಲ್ಲಿ ಏನೋ ಹಗುರಾದಂತಿತ್ತು.

"ಆತು ಬಿಡು," ಎಂದಳು, "ಅದರಾಗ ನಾ ಇಲ್ಲಲ್ಲ."